ಅಳತೆ ಕೋಲು ದಾಟದ ಗಿಡಗಳು

ನಮ್ಮ ಗುಡ್ಡದ ಮೇಲಿನ ಗಿಡಗಳನ್ನು ನೆಟ್ಟವರು ನಾವಲ್ಲ, ಬ್ಯಾಗು ಕೊಂಡವರು. ಹಾಗಂತ ಮೆಟ್ಟಿಲ ಬುಡದಲ್ಲಿ ನೆಟ್ಟ ಬೋರ್ಡು ಹೇಳುತ್ತಿತ್ತು. ಬೆಟ್ಟ ಹತ್ತುವ ಹವ್ಯಾಸ ಇರುವವರಿಗೆ ಬ್ಯಾಗು, ಬೂಟು, ಟೆಂಟು, ಮಳೆ ಕೋಟು ಮಾರುವ ಒಂದು ಕಂಪನಿ. ಅದರದ್ದೊಂದು ಬ್ಯಾಗು ಮಾರಾಟವಾದರೆ ಯಾವುದಾದರೂ ಬಡ ಕಾಲೊನಿಯಲ್ಲಿ ಒಂದು ಗಿಡ ನೆಡುತ್ತಾರೆ. ಬ್ಯಾಗಿನ ಒಳಜೇಬಿನಲ್ಲಿ ನಂಬರು ಬರೆದ ಚೀಟಿ, ಅದೇ ನಂಬರಿನ ತಗಡಿನ ಬಿಲ್ಲೆ ಗಿಡದ ಕೊರಳಿಗೆ. ನಾವೂ ದಿನಾ ಬೆನ್ನ ಮೇಲೆ ಹೊರೆ ಹೊತ್ತು ಬೆಟ್ಟ ಹತ್ತುವವರೇ. ಆದರೆ ಅದನ್ನು ಯಾರೂ ಹವ್ಯಾಸ ಅನ್ನುವುದಿಲ್ಲ.

ಆ ಆರು ನೂರು ಗಿಡಗಳನ್ನು ಐದು ವರ್ಷ ನೋಡಿಕೊಂಡವಳು ನನ್ನ ಅತ್ತಿಗೆ, ನನ್ನ ಅಣ್ಣನ ಹೆಂಡತಿ. ಕಾಲೊನಿಯವರು ಅವಳನ್ನು ಗಿಡದಕ್ಕ ಎಂದು ಕರೆಯುತ್ತಿದ್ದರು. ಕೆಲಸಕ್ಕೆ ಸೇರುವ ಮೊದಲು ಅವಳಿಗೆ ಗಿಡದ ಗಂಧಗಾಳಿಯೂ ಇರಲಿಲ್ಲ. ಬೇವು ಯಾವುದು, ಹುಣಸೆ ಯಾವುದು ಎಂದು ಎಲೆ ನೋಡಿ ಹೇಳುವುದನ್ನು ಕಲಿಯಲು ಒಂದು ವಾರ ಹಿಡಿಯಿತು. ಕಂಪನಿಯವರು ಯಾರನ್ನಾದರೂ ಒಬ್ಬ ಹೆಂಗಸನ್ನು ಕೊಡಿ ಎಂದಾಗ ಎಲ್ಲರೂ ಅವಳ ಕಡೆ ಕೈ ತೋರಿಸಿದರು, ಯಾಕೆಂದರೆ ಬೇಡ ಎನ್ನಲು ಬಾರದವಳು ಅವಳೊಬ್ಬಳೇ.

ನಮ್ಮದು ಎರಡು ಕೋಣೆಯ ಮನೆ. ಅಣ್ಣ ಬಸ್ ಡಿಪೋದಲ್ಲಿ ಬಸ್ಸು ತೊಳೆಯುತ್ತಾನೆ. ದಿನವಿಡೀ ಪೈಪಿನಲ್ಲಿ ನೀರು ಹಾಯಿಸಿ, ಸಂಜೆ ಮನೆಗೆ ಬಂದು ಒಂದು ತಂಬಿಗೆಯಲ್ಲಿ ಕೈಕಾಲು ತೊಳೆಯುವ ಮನುಷ್ಯ. ನಾನು ಗಂಡನ ಮನೆ ಬಿಟ್ಟು ಹೊಲಿಗೆ ಮಿಷನ್ನಿನ ಸಮೇತ ಬಂದಿಳಿದಾಗ ಅಮ್ಮ ಮೂಗು ಮುರಿದಳು, ಅಣ್ಣ ಸೂರು ನೋಡಿದ. ಅತ್ತಿಗೆ ಮಾತ್ರ ಮುಂದಿನ ಕೋಣೆಯಿಂದ ತಮ್ಮ ಮಂಚ ಎಳೆದು, ಬೆಳಕು ಬರುವ ಕಿಟಕಿಯ ಕೆಳಗೆ ನನ್ನ ಮಿಷನ್ನಿಗೆ ಜಾಗ ಮಾಡಿದಳು. ಅಂದಿನಿಂದ ಗಂಡ ಹೆಂಡತಿ ಒಳಗಿನ ಕತ್ತಲೆ ಕೋಣೆಯಲ್ಲಿ, ಅಮ್ಮನ ಗೊರಕೆಯ ಜೊತೆ ಮಲಗುತ್ತಾರೆ.

ಇನ್ನು ನೀರಿನ ವಿಷಯ. ಕಾಲೊನಿಯಲ್ಲಿ ಎಪ್ಪತ್ತು ಮನೆ. ನಲ್ಲಿ ಇರುವುದು ಕೆಳಗೆ ರಸ್ತೆಯ ಪಕ್ಕದಲ್ಲಿ, ನೂರ ಎಂಬತ್ತನಾಲ್ಕು ಮೆಟ್ಟಿಲು ಇಳಿದರೆ. ಬೆಳಿಗ್ಗೆ ಎರಡು ಗಂಟೆ ಬರುತ್ತದೆ, ಮನೆಗೆ ಎರಡು ಕೊಡ. ಗಿಡಗಳು ಬಂದ ಮೇಲೆ ಅವುಗಳಿಗಾಗಿ ಕಂಪನಿ ಗುಡ್ಡದ ನೆತ್ತಿಯಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿಸಿತು. ಹಿಂದಿನ ಮಣ್ಣು ರಸ್ತೆಯಿಂದ ವಾರಕ್ಕೆ ನಾಲ್ಕು ಟ್ಯಾಂಕರ್ ಬಂದು ತೊಟ್ಟಿ ತುಂಬಿಸಿ ಹೋಗುತ್ತಿತ್ತು. ಗಿಡಕ್ಕೆಂದು ಬಂದ ನೀರು, ಕುಡಿಯಬಹುದಾದ ತಿಳಿನೀರು. ಮೊದಲ ದಿನ ತೊಟ್ಟಿಯ ಸುತ್ತ ಎಪ್ಪತ್ತು ಮನೆಯ ಹೆಂಗಸರೂ ನಿಂತಿದ್ದರು. ಯಾರೂ ಕೊಡ ತಂದಿರಲಿಲ್ಲ, ಎಲ್ಲರೂ ಅತ್ತಿಗೆಯ ಮುಖವನ್ನೇ ನೋಡುತ್ತಿದ್ದರು.

ಅವಳು ತೊಟ್ಟಿಯೊಳಗೆ ಬಗ್ಗಿ ನೋಡಿ ಹೇಳಿದಳು: "ಒಂದೊಂದು ಗಿಡಕ್ಕೂ ಅರ್ಧ ಕೊಡ ಹಾಕಬೇಕು ಅಂತ ಹೇಳಿದ್ದಾರೆ. ಅದು ಹೊಸ ನೀರೇ ಆಗಬೇಕು ಅಂತ ಯಾರೂ ಹೇಳಿಲ್ಲ."

ಹೀಗೆ ನಮ್ಮ ಪದ್ಧತಿ ಶುರುವಾಯಿತು. ತೊಟ್ಟಿಯ ನೀರು ಮೊದಲು ಮನೆಗೆ, ಮನೆಯಿಂದ ಗಿಡಕ್ಕೆ. ಮನೆಗೆ ಎಂಟು ಒಂಬತ್ತು ಗಿಡ ಎಂದು ಹಂಚಿದಳು. ಪಾತ್ರೆಯನ್ನು ಸೋಪು ಹಾಕದೆ ಬೂದಿಯಲ್ಲಿ ಉಜ್ಜಬೇಕು. ಮೊದಲ ಸಲ ತೊಳೆದ ಜಿಡ್ಡು ನೀರು ಚರಂಡಿಗೆ, ಎರಡನೆಯದು ಗಿಡಕ್ಕೆ. ಅಕ್ಕಿ ತೊಳೆದದ್ದು, ತರಕಾರಿ ತೊಳೆದದ್ದು, ಮಕ್ಕಳ ಮುಖ ತೊಳೆದದ್ದು ಎಲ್ಲವೂ ಗಿಡಕ್ಕೆ. ಅವಳು ಮನೆಮನೆಗೆ ಹೋಗಿ ಬಕೆಟ್ಟಿಗೆ ಬಗ್ಗಿ ಸೋಪಿನ ವಾಸನೆ ಇದೆಯೇ ಎಂದು ಮೂಸಿ ನೋಡುತ್ತಿದ್ದಳು. ಹುಡುಗಿಯರು ಅವಳು ಹೋದ ಮೇಲೆ ಅವಳಂತೆಯೇ ಮೂಗು ಅರಳಿಸಿ ನಗುತ್ತಿದ್ದರು. ಆದರೆ ಆ ವರ್ಷ ನಮ್ಮ ಕಾಲೊನಿಯಲ್ಲಿ ಯಾರೂ ನೀರಿಗೆಂದು ಮೆಟ್ಟಿಲು ಇಳಿಯಲಿಲ್ಲ. ನನ್ನ ಅಮ್ಮ ಹದಿನೈದು ವರ್ಷಗಳ ನಂತರ ವಾರಕ್ಕೆ ಎರಡು ಸಲ ತಲೆಗೆ ನೀರು ಹಾಕಿಕೊಂಡಳು. ಗಿಡಗಳೂ ಚೆನ್ನಾಗಿಯೇ ಬಂದವು, ಅಕ್ಕಿ ತೊಳೆದ ನೀರು ಅವಕ್ಕೆ ಒಗ್ಗಿತೇನೋ.

ನಾಲ್ಕು ತಿಂಗಳಿಗೊಮ್ಮೆ ಕಂಪನಿಯಿಂದ ಒಬ್ಬ ಅಳೆಯಲು ಬರುತ್ತಿದ್ದ. ಕೆಂಪು ಬಿಳಿ ಪಟ್ಟೆಯ ಕೋಲು ಹಿಡಿದು ಬರುತ್ತಿದ್ದುದರಿಂದ ನಮಗೆ ಅವನು ಕೋಲು ಸಾಹೇಬ. ಕೋಲು ನನ್ನ ಭುಜದಷ್ಟು ಎತ್ತರ. ಅದನ್ನು ದಾಟಿದ ಗಿಡ ಗೆದ್ದಂತೆ. ಅದರ ಬೇರು ಆಳಕ್ಕೆ ಹೋಗಿರುತ್ತದೆ, ಇನ್ನು ನೀರು ಬೇಕಾಗಿಲ್ಲ ಎಂದು ಲೆಕ್ಕ. ಎರಡನೇ ವರ್ಷದ ಕೊನೆಗೆ ಗುಡ್ಡದ ಹಿಂಬದಿಯ ಇಳಿಜಾರಿನ ನೂರ ನಲವತ್ತು ಗಿಡ ಕೋಲು ದಾಟಿದವು. ಕಾಲೊನಿ ಚಪ್ಪಾಳೆ ತಟ್ಟಿತು. ಅತ್ತಿಗೆಯ ಮುಖದಲ್ಲಿ ಅಂಥ ಕಳೆಯನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಮುಂದಿನ ವಾರ ಗುರುವಾರದ ಟ್ಯಾಂಕರ್ ಬರಲಿಲ್ಲ. ಶನಿವಾರ ಡ್ರೈವರನನ್ನು ಕೇಳಿದರೆ, "ನೂರ ನಲವತ್ತು ಗಿಡ ಕಡಿಮೆ ಆಯ್ತಲ್ಲ ತಾಯಿ, ಇನ್ಮೇಲೆ ವಾರಕ್ಕೆ ಮೂರೇ," ಅಂದ.

ಸಂಜೆ ತೊಟ್ಟಿಯ ಹತ್ತಿರ ಸೇರಿದೆವು. ಹತ್ತು ಜನ ಹತ್ತು ಮಾತು. ಒಬ್ಬಳು ಗಿಡ ಕಿತ್ತು ಬಿಸಾಡೋಣ ಅಂದಳು. ಗಿಡ ಸತ್ತರೆ ಬೇರೆ ತಂದು ನೆಡುತ್ತಾರೆ, ಆದರೆ ತುಂಬ ಸತ್ತರೆ ಕಂಪನಿಯೇ ಗಂಟುಮೂಟೆ ಕಟ್ಟುತ್ತದೆ ಎಂದು ಇನ್ನೊಬ್ಬಳು ನೆನಪಿಸಿದಳು. ಅಮ್ಮ ಕಲ್ಲಿನ ಮೇಲೆ ಕೂತಲ್ಲಿಂದಲೇ ತೀರ್ಪು ಕೊಟ್ಟಳು.

"ಸಾಯಲೂಬಾರದು, ಬೆಳೀಲೂಬಾರದು. ಅಷ್ಟೇ ತಾನೆ? ಇದಕ್ಕೆ ಇಷ್ಟು ಜನ ಸೇರಬೇಕಾ? ತುದಿ ಕತ್ತರಿಸಿ."

ಎಲ್ಲರೂ ಮತ್ತೆ ಅತ್ತಿಗೆಯ ಮುಖ ನೋಡಿದರು. ಅವಳು ನನ್ನ ಕಡೆ ತಿರುಗಿ, "ನಿನ್ನ ದೊಡ್ಡ ಕತ್ತರಿ ಕೊಡ್ತೀಯಾ?" ಎಂದು ಮಾತ್ರ ಕೇಳಿದಳು. ಕೊಟ್ಟೆ. ಬಟ್ಟೆ ಕತ್ತರಿಸುವ ಕತ್ತರಿಗೆ ಕಡ್ಡಿ ತಾಗಿಸಿದರೆ ಹರಿತ ಹೋಗುತ್ತದೆ ಎಂದು ಗೊಣಗುತ್ತಲೇ ಕೊಟ್ಟೆ.

ಅಲ್ಲಿಂದ ಮೂರು ವರ್ಷ ಅವಳು ಮಾಡಿದ ಕೆಲಸ ಯಾವ ಶತ್ರುವಿಗೂ ಬೇಡ. ಕೋಲು ಸಾಹೇಬ ಬರುವ ಮೂರು ದಿನ ಮೊದಲು ಶುರು. ಒಂದೊಂದೇ ಗಿಡದ ಮುಂದೆ ನಿಂತು ಚಿಗುರಿದ ತುದಿ ಹಿಡಿದು ಕತ್ತರಿಸಬೇಕು. ಕತ್ತರಿಸಿದ ಗಾಯ ಬೆಳ್ಳಗೆ ಕಾಣದಂತೆ ಕೆಸರು ಹಚ್ಚಬೇಕು. ಬಿದ್ದ ತುದಿಗಳನ್ನು ಆರಿಸಿ ಚೀಲಕ್ಕೆ ತುಂಬಿ ಒಲೆಗೆ ಹಾಕಬೇಕು. ನಾಲ್ಕು ನೂರ ಅರವತ್ತು ಗಿಡ. ಮೂರನೇ ದಿನ ಅವಳ ಹೆಬ್ಬೆರಳಿನ ಬುಡ ಊದಿಕೊಂಡು ಅನ್ನ ಕಲೆಸಲೂ ಆಗುತ್ತಿರಲಿಲ್ಲ. ಅಮ್ಮ ಸೊಸೆಯನ್ನು ಬೈಯುತ್ತಲೇ ಕಲೆಸಿ ತಟ್ಟೆ ಅವಳ ಮುಂದೆ ದೂಡುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಬಂದು ನನ್ನ ಮಿಷನ್ನಿನ ಪಕ್ಕದ ನೆಲದಲ್ಲಿ ಕೂತು, ಕಾಲು ಚಾಚಿ, ಗೋಡೆಗೆ ಒರಗಿದಳು.

"ಬೆಳೆಸೋಕೆ ಸಂಬಳ ಕೊಡ್ತಾರೆ. ಬೆಳೀದ ಹಾಗೆ ನೋಡ್ಕೊಳ್ಳೋದು ಬಿಟ್ಟಿ ಚಾಕರಿ," ಅಂದಳು.

ನಾನು ನಕ್ಕೆ. ಅವಳು ನಗಲಿಲ್ಲ.

"ಅವಕ್ಕೆ ಗೊತ್ತಾಗಲ್ಲ ಕಣೆ. ಕತ್ತರಿಸಿದ ಎಂಟೇ ದಿನಕ್ಕೆ ಪಕ್ಕದಿಂದ ಇನ್ನೊಂದು ಚಿಗುರು ಬರುತ್ತೆ. ಇವಳು ಕತ್ತರಿಸ್ತಾಳೆ ಅಂತ ಒಂದಕ್ಕಾದ್ರೂ ಗೊತ್ತಾಗಬಾರದಾ? ಬಂದಿದ್ದಕ್ಕೆಲ್ಲ ನನ್ನ ಕೈಯಲ್ಲೇ ಪೆಟ್ಟು."

"ಗಿಡ ತಾನೆ ಅತ್ತಿಗೆ, ಬಿಡು," ಅಂದೆ. ಮಿಷನ್ ತುಳಿಯುವುದನ್ನು ನಾನು ನಿಲ್ಲಿಸಲಿಲ್ಲ. ಅವಳು ಕತ್ತರಿ ಎತ್ತಿಕೊಂಡು ಎದ್ದು ಹೋದಳು.

ಐದನೇ ವರ್ಷ, ಬಿಸಿಲು ಶುರುವಾದ ಕಾಲದ ಒಂದು ಬೆಳಿಗ್ಗೆ, ಬ್ಯಾಗು ಬೆನ್ನಿಗೆ ಹಾಕಿಕೊಂಡ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದಳು. ಅರವತ್ತು ದಾಟಿದ ವಯಸ್ಸು, ಗಿಡ್ಡ ಕೂದಲು, ಕಾಲಿಗೆ ದಪ್ಪನೆ ಬೂಟು. ಅಲ್ಲಲ್ಲಿ ನಿಂತು ಏದುಸಿರು ಬಿಡುತ್ತಿದ್ದಳು. ನಾನು ಮೇಲಿನ ಮನೆಯೊಂದಕ್ಕೆ ಹೊಲಿದ ಬಟ್ಟೆ ಕೊಟ್ಟು ಬರುತ್ತಿದ್ದೆ. ಅತ್ತಿಗೆ ಬಕೆಟ್ ಹಿಡಿದು ಗಿಡಗಳ ಸಾಲಿನಲ್ಲಿ ಇದ್ದಳು. ಹೆಂಗಸು ಒಳಜೇಬಿನಿಂದ ಚೀಟಿ ತೆಗೆದು ತೋರಿಸಿ, "ಇನ್ನೂರ ಹನ್ನೆರಡು ಎಲ್ಲಿದೆ?" ಎಂದು ಕೇಳಿದಳು.

ಬ್ಯಾಗು ಕೊಂಡವರು ನಿಜವಾಗಿ ಇರುತ್ತಾರೆ ಎಂದು ನಾವು ಅಲ್ಲಿಯವರೆಗೆ ನಂಬಿರಲೇ ಇಲ್ಲ. ಅತ್ತಿಗೆ ಬಕೆಟ್ ಕೆಳಗಿಟ್ಟು, ಕೈ ಸೀರೆಗೆ ಒರೆಸಿಕೊಂಡು, ಅವಳನ್ನು ಕರೆದುಕೊಂಡು ಹೋದಳು. ನಾನೂ ಹಿಂದೆ ಹೋದೆ. ದೂರದ ಬಾಗಿಲುಗಳಲ್ಲಿ ಜನ ನಿಂತು ನೋಡುತ್ತಿದ್ದರು.

ಇನ್ನೂರ ಹನ್ನೆರಡು ಒಂದು ಬೇವಿನ ಗಿಡ. ಕತ್ತರಿಸಿ ಕತ್ತರಿಸಿ ಸೊಂಟದೆತ್ತರದಲ್ಲಿ ಪೊದೆಯಾಗಿತ್ತು. ಹೆಂಗಸು ಬಿಲ್ಲೆಯನ್ನು ಹಿಡಿದು ಚೀಟಿಯ ಜೊತೆ ಎರಡು ಸಲ ತಾಳೆ ನೋಡಿದಳು.

"ನಾವಿಬ್ಬರೂ ಸೇರಿ ಕೊಂಡ ಬ್ಯಾಗು ಇದು," ಎಂದಳು. "ನಮ್ಮವರು ನಿವೃತ್ತಿ ಆದಮೇಲೆ ಬೆಟ್ಟ ಹತ್ತೋಣ ಅಂದಿದ್ರು. ಒಂದೇ ಒಂದು ಸಲ ಹೋದ್ವಿ. ಆಮೇಲೆ ಅವರು ಹಾಸಿಗೆ ಹಿಡಿದ್ರು. ಕೊನೆಕೊನೆಗೆ ಈ ಗಿಡದ ಮಾತೇ ಆಡೋರು. ಈಗ ಇಷ್ಟಾಗಿರಬೇಕು, ಈಗ ಅಷ್ಟಾಗಿರಬೇಕು ಅಂತ. ಅದರ ಕೆಳಗೆ ಒಂದು ಗಳಿಗೆ ಕೂತು ಹೋಗೋಣ ಅಂತ ಬಂದೆ."

ಕೂರಲು ಅದರ ಕೆಳಗೆ ಜಾಗವೇ ಇರಲಿಲ್ಲ. ಅವಳು ಬಿಸಿಲಲ್ಲೇ ನಿಂತು ಎಲೆ ಸವರಿದಳು. ಆಮೇಲೆ ಬ್ಯಾಗಿನಿಂದ ಕುಡಿಯುವ ನೀರಿನ ಬಾಟಲಿ ತೆಗೆದು, ಇದ್ದಷ್ಟನ್ನೂ ಗಿಡದ ಬುಡಕ್ಕೆ ಸುರಿದಳು. ಒಂದು ಗುಟುಕೂ ಉಳಿಸಿಕೊಳ್ಳಲಿಲ್ಲ. ತಿಳಿನೀರು ಮಣ್ಣಿಗೆ ಹೋಗುವುದನ್ನು ನೋಡುತ್ತಾ ನಾನು ಅದು ಎಷ್ಟು ಲೋಟ ಎಂದು ಎಣಿಸಿದೆ.

"ಐದು ವರ್ಷಕ್ಕೆ ಇಷ್ಟೇನಾ?" ಎಂದು ಅತ್ತಿಗೆಯನ್ನು ಕೇಳಿದಳು. ದನಿಯಲ್ಲಿ ಆಕ್ಷೇಪಣೆಯೇ ಇರಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಅತ್ತಿಗೆಯ ತುಟಿ ಅಲುಗಿತು. ಅವಳು ನಿಜ ಹೇಳುತ್ತಾಳೆ ಎಂದು ನನಗೆ ಗೊತ್ತಾಯಿತು. ಧೈರ್ಯಕ್ಕೆ ಅಲ್ಲ, ಸುಸ್ತಿಗೆ. ಹೊತ್ತ ಕೊಡವನ್ನು ಇನ್ನು ಒಂದು ಮೆಟ್ಟಿಲೂ ಹೊರಲಾರೆ ಎಂದು ಇಳಿಸುವವರ ಮುಖ ಅದು. "ಅಮ್ಮಾ, ಅದು ನಾನೇ..." ಎಂದು ಶುರುಮಾಡಿದಳು.

"ಮಣ್ಣು ಸರಿ ಇಲ್ಲಮ್ಮ," ಎಂದು ನಾನು ನಡುವೆ ಬಾಯಿ ಹಾಕಿದೆ. "ಕಲ್ಲು ಒಡೆದು ಸುರಿದ ಗುಡ್ಡ ಇದು. ಎಷ್ಟು ನೀರು ಹಾಕಿದ್ರೂ ಈ ಬದಿ ಗಿಡ ಏಳಲ್ಲ. ನಮ್ಮ ಅತ್ತಿಗೆ ಜೀವ ತೇಯ್ದು ಇಷ್ಟಾದ್ರೂ ಉಳಿಸಿದ್ದಾಳೆ."

ಹೆಂಗಸಿನ ಕಣ್ಣು ತುಂಬಿತು. ಅತ್ತಿಗೆಯ ಊದಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಪಾಪ, ಮಣ್ಣೇ ಸರಿಯಿಲ್ಲದ ಕಡೆ ನಿಮ್ಮನ್ನ ಯಾಕೆ ಹೀಗೆ ದುಡಿಸ್ತಾರೆ?" ಎಂದಳು. ಖಾಲಿ ಬಾಟಲಿ ಬ್ಯಾಗಿಗೆ ಹಾಕಿಕೊಂಡು ನಿಧಾನಕ್ಕೆ ಮೆಟ್ಟಿಲು ಇಳಿದು ಹೋದಳು.

ನಾನು ಗೆದ್ದವಳ ಹಾಗೆ ಅತ್ತಿಗೆಯ ಕಡೆ ನೋಡಿದೆ. ಅವಳು ಬಕೆಟ್ ಎತ್ತಿಕೊಳ್ಳುತ್ತಾ, "ಒಳ್ಳೆ ಮಣ್ಣು ಇದು," ಅಂದಳು. "ನನ್ನ ಮೇಲೆ ಹಾಕಿದ್ರೆ ಆಗ್ತಿತ್ತು."

ಎರಡು ತಿಂಗಳು ಕಳೆದು ಕೋಲು ಸಾಹೇಬ ಬಂದ. ಕೈಯಲ್ಲಿ ಕೋಲು ಇರಲಿಲ್ಲ, ಇಕ್ಕಳ ಮತ್ತು ಗೋಣಿಚೀಲ ಇದ್ದವು. ಕೋಲು ದಾಟದ ಗಿಡಗಳ ಬಿಲ್ಲೆಗಳನ್ನೆಲ್ಲ ಬಿಚ್ಚಿ ತರಲು ಹೇಳಿದ್ದಾರೆ ಅಂದ. ಆ ನಂಬರುಗಳಿಗೆ ಬೇರೆ ಊರಿನಲ್ಲಿ, ಮಣ್ಣು ಚೆನ್ನಾಗಿರುವ ಕಡೆ, ಹೊಸ ಗಿಡ ನೆಡುತ್ತಾರಂತೆ. ಟ್ಯಾಂಕರ್ ಈ ತಿಂಗಳ ಕೊನೆಯವರೆಗೆ ಮಾತ್ರ. ಜನ ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು. ಅವನು ಯಾರನ್ನೂ ನೋಡದೆ ಮಾತಾಡುತ್ತಿದ್ದ, ಮಾತು ಮುಗಿಯುವ ಹೊತ್ತಿಗೆ ಅವನ ದನಿ ಬಿರುಸಾಯಿತು.

"ನನಗೆ ಕಣ್ಣಿಲ್ಲ ಅಂದ್ಕೊಂಡಿದ್ರಾ? ಕೆಸರು ಹಚ್ಚಿದ್ರೆ ಗಾಯ ಕಾಣಲ್ವಾ? ನಾನೂ ಇಂಥ ಗುಡ್ಡದಲ್ಲೇ ಹುಟ್ಟಿದವನು. ಮೂರು ವರ್ಷದಿಂದ ಗಾಳಿ ಜೋರು, ತುದಿ ಮುರೀತಾ ಇದೆ ಅಂತ ಬರೀತಾ ಬಂದೆ. ಗಾಳಿಗೆ ಅವರು ಏನೂ ಮಾಡೋಕಾಗಲ್ಲ, ಸುಮ್ನಿರ್ತಾರೆ. ಮಣ್ಣು ಕೆಟ್ಟಿದೆ ಅಂದ್ರೆ ಜಾಗ ಬದಲಾಯಿಸ್ತಾರೆ. ಆ ಅಮ್ಮ ಕಂಪನಿಗೆ ನಾಲ್ಕು ಪುಟ ಕಾಗದ ಬರೆದಿದ್ದಾರೆ. ಇಲ್ಲಿಯವರೇ ಹೇಳಿದ್ರು ಅಂತ ಬರೆದಿದ್ದಾರೆ. ಯಾರು ಹೇಳಿದ್ದು ಮಣ್ಣು ಸರಿ ಇಲ್ಲ ಅಂತ?"

ನಾನು ತಲೆ ತಗ್ಗಿಸಿ ಕಾಲಬೆರಳಿನಿಂದ ಮಣ್ಣು ಕೆದಕಿದೆ. ಎಪ್ಪತ್ತು ಮನೆಯವರ ಕಣ್ಣುಗಳು ಅಲ್ಲಿ ಸುತ್ತಾಡುತ್ತಿದ್ದವು. ಅವರಲ್ಲಿ ಅರ್ಧದಷ್ಟು ಜನ ನಾನು ಹೊಲಿದ ಬಟ್ಟೆ ತೊಟ್ಟಿದ್ದರು.

"ನಾನೇ ಹೇಳ್ದೆ," ಎಂದಳು ಅತ್ತಿಗೆ.

ಕೋಲು ಸಾಹೇಬ ಅವಳನ್ನು ನೋಡಿದ. ಆಮೇಲೆ ಜೇಬಿನಿಂದ ಒಂದು ಕಾರ್ಡು ತೆಗೆದು ಕೊಟ್ಟ. ಬ್ಯಾಗಿನ ಹೆಂಗಸು ಕಳಿಸಿದ್ದು. ಅದನ್ನು ಓದಿ ಹೇಳಿದವಳು ನಾನೇ, ಮನೆಯಲ್ಲಿ ಓದು ಬರುವುದು ನನಗೊಬ್ಬಳಿಗೇ. "ಇನ್ನಾದರೂ ನಿಮ್ಮ ಕೈಗೆ ವಿಶ್ರಾಂತಿ ಸಿಗಲಿ" ಎಂದು ಬರೆದಿತ್ತು. ಅತ್ತಿಗೆ ಕೇಳಿಸಿಕೊಂಡು, ಕಾರ್ಡನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು. ಇಕ್ಕಳ ತೆಗೆದುಕೊಂಡು ಸಂಜೆಯವರೆಗೆ ಬಿಲ್ಲೆ ಬಿಚ್ಚಿದಳು.

ಇದಾಗಿ ಒಂದೂವರೆ ವರ್ಷ. ಗಿಡಗಳಿಗೆ ಈಗ ಬಿಲ್ಲೆ ಇಲ್ಲ, ಕೋಲು ಇಲ್ಲ, ಕತ್ತರಿಯೂ ಇಲ್ಲ. ಮನೆಯ ಸೂರು ದಾಟಿ ಬೆಳೆದು ನಿಂತಿವೆ. ಮಣ್ಣು ಎಷ್ಟು ಒಳ್ಳೆಯದೆಂದು ಯಾರಿಗೆ ಬೇಕಾದರೂ ಕಾಣುತ್ತದೆ. ಹೆಂಗಸರು ಮೆಟ್ಟಿಲು ಹತ್ತಿ ಬಂದು, ಕೊಡ ಇಳಿಸಿ, ಆ ನೆರಳಲ್ಲಿ ಕೂತು ಸುಧಾರಿಸಿಕೊಳ್ಳುತ್ತಾರೆ. ಅಲ್ಲೇ ಕೂತು ಅತ್ತಿಗೆಯನ್ನು ಬೈಯುತ್ತಾರೆ. ಗಿಡದಕ್ಕ ಎಂದು ಈಗ ಯಾರೂ ಕರೆಯುವುದಿಲ್ಲ, ಬಾಯಿಬಡುಕಿ ಅನ್ನುತ್ತಾರೆ. ಇಡೀ ಕಾಲೊನಿಯಲ್ಲಿ ಅವಳಿಗಿಂತ ಕಡಿಮೆ ಮಾತಾಡುವವರು ಇನ್ನೊಬ್ಬರಿಲ್ಲ. ಅಮ್ಮ ಕೂಡ ಊಟದ ಹೊತ್ತಿನಲ್ಲಿ ಆ ಮಾತು ತೆಗೆಯುತ್ತಾಳೆ. ಅಣ್ಣ ತಟ್ಟೆ ನೋಡುತ್ತಾನೆ. ನಾನೂ ತಟ್ಟೆ ನೋಡುತ್ತೇನೆ.

ಅತ್ತಿಗೆಗೆ ಐವತ್ತಾರು. ಮಂಡಿ ಹೋಗಿದೆ. ದಿನಾ ಎರಡು ಸಲ ಇಳಿಯುತ್ತಾಳೆ, ಒಂದು ಕೊಡ ಮನೆಗೆ, ಇನ್ನೊಂದು ಅಮ್ಮನ ಸ್ನಾನಕ್ಕೆ. ನಾನು ಹೋಗುತ್ತೇನೆ ಅಂದರೆ, "ನಿನ್ನ ಕೆಲಸ ಕೆಡುತ್ತೆ, ಕೂತ್ಕೋ," ಅನ್ನುತ್ತಾಳೆ.

ನಿನ್ನೆ ಬೆಳಿಗ್ಗೆ ಹಟ ಮಾಡಿ ನಾನೂ ಜೊತೆಗೆ ಹೋದೆ. ನಲ್ಲಿಯ ಸಾಲಿನಲ್ಲಿ ನಮ್ಮ ಹಿಂದೆ ನಿಂತಿದ್ದ ಹೆಂಗಸು, ಮಗುವನ್ನು ಕಂಕುಳಿನಿಂದ ಕಂಕುಳಿಗೆ ಬದಲಾಯಿಸುತ್ತಾ, ಅತ್ತಿಗೆಗೆ ಕೇಳುವ ಹಾಗೆಯೇ ಅಂದಳು: "ಎಪ್ಪತ್ತು ಮನೆಯವರು ಬಾಯಿಗೆ ಬೀಗ ಹಾಕ್ಕೊಂಡಿದ್ವಿ. ಇವಳೊಬ್ಬಳಿಗೆ ಆಗಲಿಲ್ಲ ನೋಡು."

"ಅತ್ತಿಗೆ ಅಲ್ಲ ಹೇಳಿದ್ದು," ಎಂದು ನನ್ನ ಬಾಯಿಂದ ಬಂತು.

"ಕೊಡ ತುಂಬಿತು, ತೆಗಿ," ಎಂದು ಅತ್ತಿಗೆ ಜೋರಾಗಿ ಹೇಳಿ, ತುಂಬದ ನನ್ನ ಕೊಡವನ್ನು ನಲ್ಲಿಯಿಂದ ಎಳೆದು ನನ್ನ ಸೊಂಟಕ್ಕೆ ಇಟ್ಟಳು. ನನ್ನ ತೋಳು ಹಿಡಿದು ಮೆಟ್ಟಿಲಿನ ಕಡೆಗೆ ತಳ್ಳಿದಳು.

ಅರ್ಧ ದಾರಿಯಲ್ಲಿ ಅವಳು ಕೊಡ ಇಳಿಸಿ ಕೂತಳು. ನಾನು ಅತ್ತೆ. ಎಲ್ಲರ ಮುಂದೆ ಹೇಳಿಬಿಡುತ್ತೇನೆ, ಇನ್ನು ಆಗುವುದಿಲ್ಲ ಅಂದೆ.

"ಹೇಳಿ ಏನು ಮಾಡ್ತೀಯ? ನೀರು ವಾಪಸ್ ಬರುತ್ತಾ?" ಎಂದು ಮಂಡಿ ಉಜ್ಜಿಕೊಂಡಳು. "ನನ್ನ ಬೈದ್ರೆ ನನಗೇನು, ಕಿವಿ ಒಂದೇ ನೋಯೋದು. ನಿನ್ನ ಹತ್ರ ಬಟ್ಟೆ ಹೊಲಿಸೋರೆಲ್ಲ ಅವರೇ. ಒಬ್ಬಳು ಬರೋದು ಬಿಟ್ಟರೆ ಎಲ್ಲರೂ ಬಿಡ್ತಾರೆ. ಮಿಷನ್ ನಿಂತರೆ ನೀನು ಎಲ್ಲಿಗೆ ಹೋಗ್ತೀಯ? ಮತ್ತೆ ಆ ಮನೆಗಾ?"

ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ.

"ಹೇಳಲೇಬೇಕು ಅನ್ನಿಸಿದ್ರೆ ನಾನು ಸತ್ತಮೇಲೆ ಹೇಳ್ಕೋ," ಎಂದು ಅವಳು ಗೋಡೆ ಹಿಡಿದು ಎದ್ದು ಕೊಡ ಎತ್ತಿಕೊಂಡಳು.

ಅಷ್ಟು ದಿನ ಕಾಯಲು ನನ್ನಿಂದಾಗುವುದಿಲ್ಲ. ನಾಳೆ ನಲ್ಲಿಯ ಹತ್ತಿರ ಎಲ್ಲರೂ ಸೇರಿರುವಾಗ ಹೇಳುವವಳಿದ್ದೇನೆ. ಆ ಹೊತ್ತಿಗೆ ನನ್ನ ಬಾಯಿ ಮತ್ತೆ ಕೈಕೊಟ್ಟರೆ ಈ ಕಾಗದವನ್ನು ಯಾರ ಕೈಗಾದರೂ ಕೊಟ್ಟುಬಿಡುತ್ತೇನೆ, ಓದಿಕೊಳ್ಳಲಿ. ಮಣ್ಣು ಸರಿ ಇಲ್ಲ ಎಂದವಳು ನಾನು.